‘ಒಂಥರಾ ಆಗ್ತಿದೆ ಕಣೋ’: ನಾನು ಕಿರುಚಿತ್ರ ಮಾಡಿದ ಕತೆ

ನನ್ನ ಕಿರುಚಿತ್ರದಲ್ಲಿ ‘ಗೇ’ ಅನ್ನೋ ಪದ ಒಂದು ಸಲವೂ ಬರುವುದಿಲ್ಲ. ‘ಸಲಿಂಗಕಾಮಿ’ಯೂ ಇಲ್ಲ. ಮೊದಲ ಸ್ಕ್ರಿಪ್ಟ್‌ನಲ್ಲಿ ಎರಡೂ ಇದ್ದವು. ಮಂಜ ಅನ್ನೋ ಹುಡುಗ ರೂಮ್‌ಮೇಟ್ ಪ್ರದೀಪನ ಮುಂದೆ ಕೂತು ಒಂದೂವರೆ ಪುಟ ಡೈಲಾಗ್ ಹೇಳುತ್ತಿದ್ದ. ಬರೆಯುವಾಗ ನನಗೇ ಕಣ್ಣಲ್ಲಿ ನೀರು ಬಂದಿತ್ತು. ನಟರು ಗಟ್ಟಿಯಾಗಿ ಓದಿದಾಗ ಮಾತ್ರ ನಾಚಿಕೆಯಾಯಿತು. ಟಿವಿ ಚರ್ಚೆಗೆ ಬಂದ ಅತಿಥಿ ಮಾತಾಡಿದ ಹಾಗಿತ್ತು.

ಮಂಜನಿಗೆ ಇನ್ನೂ ಗೊತ್ತೇ ಇಲ್ಲ, ಅದೇ ಕತೆ. ಗೊತ್ತಿಲ್ಲದವನು ಭಾಷಣ ಹೇಗೆ ಮಾಡುತ್ತಾನೆ?

ನಾನೂ ಆ ಗೊತ್ತಿಲ್ಲದ ಜಾಗದಲ್ಲಿ ಬಹಳ ವರ್ಷ ಇದ್ದೆ. 2018ರ ಸೆಪ್ಟೆಂಬರ್ 6, ಗುರುವಾರ. ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ 377ನೇ ಸೆಕ್ಷನ್ ಬಗ್ಗೆ ತೀರ್ಪು ಕೊಟ್ಟಿತು. ಒಂದೇ ಲಿಂಗದ ವಯಸ್ಕರಿಬ್ಬರು ಒಪ್ಪಿ ಕೂಡಿದರೆ ಅಪರಾಧವಲ್ಲ ಅಂತ. ಬೆಂಗಳೂರಿನ ಆಫೀಸ್ ಕ್ಯಾಂಟೀನಿನ ಟಿವಿಯಲ್ಲಿ ಅದು ಬರುತ್ತಿತ್ತು. ನಾನು ಚಿತ್ರಾನ್ನದಲ್ಲಿದ್ದ ಕಡಲೆಬೀಜ ಆರಿಸಿ ಆರಿಸಿ ತಿನ್ನುತ್ತಾ ತಲೆ ಎತ್ತಲೇ ಇಲ್ಲ. ಪಕ್ಕದಲ್ಲಿದ್ದವನು ‘ಏನಪ್ಪಾ ಕಾಲ’ ಅಂದ. ನಾನು ‘ಹ್ಞೂಂ’ ಅಂದೆ. ನನಗೆ ಸಂಬಂಧವೇ ಇಲ್ಲದ ಸುದ್ದಿ ಅನ್ನುವಂತೆ ಇರೋದು ಎಷ್ಟು ಕಷ್ಟದ ನಟನೆ ಅಂತ ಆವತ್ತು ಗೊತ್ತಾಯಿತು.

ಸ್ಕ್ರಿಪ್ಟ್ ಎಡವಿದ್ದು ಭಾಷೆಯಲ್ಲಿ. ‘ಸಲಿಂಗಕಾಮ’ ಅಂದ ತಕ್ಷಣ ಕಾಮ ಮುಂದೆ ಬಂದು ನಿಲ್ಲುತ್ತದೆ. ‘ಲೈಂಗಿಕ ಅಲ್ಪಸಂಖ್ಯಾತರು’ ಹೋರಾಟದ ಮಾತು, ಮನವಿಪತ್ರಕ್ಕೆ ಸರಿ. ರಾತ್ರಿ ಹನ್ನೊಂದಕ್ಕೆ ಚಾಪೆ ಮೇಲೆ ಮಲಗಿದವನ ಬಾಯಲ್ಲಿ ಅದು ಬರುತ್ತಾ? ಬೈಗುಳಗಳಿಗೆ ಮಾತ್ರ ಬರ ಇಲ್ಲ. ಹೀಗೆ ತಲೆ ಕೆಡಿಸಿಕೊಂಡಿದ್ದಾಗ ‘ಒಂಥರಾ’ ಸಿಕ್ಕಿತು. ‘ಅವನು ಒಂಥರಾ’ ಅಂತ ಊರವರು ಪಿಸುಗುಡುವುದೂ ಅದೇ ಪದ. ‘ನಂಗೆ ಒಂಥರಾ ಆಗ್ತಿದೆ’ ಅಂತ ನಾವು ನಮ್ಮ ಬಗ್ಗೆ ಹೇಳಿಕೊಳ್ಳುವುದೂ ಅದೇ ಪದ. ಒಂದೂವರೆ ಪುಟ ಹರಿದು ಹಾಕಿ ಎರಡು ಸಾಲು ಇಟ್ಟೆ.

‘ಒಂಥರಾ ಆಗ್ತಿದೆ ಕಣೋ.’

‘ಯಾಕೋ, ಹುಷಾರಿಲ್ವಾ?’

ಇಡೀ ಸಿನಿಮಾ ಈ ಎರಡು ಸಾಲಿನ ಮಧ್ಯೆ ಇದೆ.

ದುಡ್ಡು ಹಾಕಬಹುದು ಅಂತ ಒಬ್ಬರ ಹತ್ತಿರ ಹೋಗಿದ್ದೆ. ‘ಅದು ಬಂದಾಯ್ತಲ್ಲ’ ಅಂದರು. ಅವರ ಮನಸ್ಸಲ್ಲಿದ್ದದ್ದು ಬಿ.ಎಸ್. ಲಿಂಗದೇವರು ಅವರ ‘ನಾನು ಅವನಲ್ಲ ಅವಳು’. ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ನನಗೂ ಬಹಳ ಇಷ್ಟ. ಆದರೆ ಅದು ಟ್ರಾನ್ಸ್ ಹೆಣ್ಣಿನ ಕತೆ, ‘ನಾನು ಯಾರು’ ಅನ್ನೋ ಪ್ರಶ್ನೆ. ಮಂಜನಿಗೆ ತಾನು ಗಂಡು ಅನ್ನೋದರಲ್ಲಿ ಅನುಮಾನವೇ ಇಲ್ಲ. ಅವನ ಪ್ರಶ್ನೆ ‘ನಂಗೆ ಯಾರು ಬೇಕು’. ಹತ್ತು ನಿಮಿಷ ವಿವರಿಸಿದೆ. ಕಾಫಿ ಕುಡಿಸಿ ಕಳಿಸಿದರು. ಕೊನೆಗೆ ನನ್ನ ಉಳಿತಾಯದಲ್ಲೇ ಮಾಡಿದೆ.

ಸ್ಕ್ರಿಪ್ಟ್‌ನಲ್ಲಿ ಮೊದಲು ಮುತ್ತು ಇತ್ತು. ಅದನ್ನೂ ತೆಗೆದೆ. ಹೆದರಿ ತೆಗೆದದ್ದಲ್ಲ, ಅದಕ್ಕಿಂತ ಗಟ್ಟಿಯಾದದ್ದು ಸಿಕ್ಕಿತು. ದೀಪಾವಳಿ, ನರಕ ಚತುರ್ದಶಿ ಬೆಳಗ್ಗೆ. ಬಸ್ ಸಿಗದೆ ಇಬ್ಬರೂ ರೂಮಲ್ಲೇ ಉಳಿದಿದ್ದಾರೆ. ‘ಹಬ್ಬದ ದಿನ ಎಣ್ಣೆ ಸ್ನಾನ ತಪ್ಪಿಸಬಾರದು, ಬಾರೋ’ ಅಂತ ಪ್ರದೀಪ ಅಂಗಿ ಬಿಚ್ಚಿ ಬೆನ್ನು ಕೊಟ್ಟು ಕೂರುತ್ತಾನೆ. ಮಂಜ ಎಣ್ಣೆ ಹಚ್ಚಬೇಕು. ಯಾರೂ ತಪ್ಪು ತಿಳಿಯದ ಮುಟ್ಟುವಿಕೆ ಅದು. ಮಂಜನಿಗೆ ಮಾತ್ರ ಅದು ಬರೀ ಎಣ್ಣೆ ಹಚ್ಚೋದಾಗಿ ಉಳಿದಿಲ್ಲ.

ನಟರಿಬ್ಬರೂ ಹವ್ಯಾಸಿ ರಂಗಭೂಮಿಯ ಹುಡುಗರು. ರಿಹರ್ಸಲ್‌ಗೆ ಮೊದಲು ಇಬ್ಬರಿಗೂ ಬೇರೆ ಬೇರೆ ಚೀಟಿ ಕೊಟ್ಟೆ. ಎಲ್ಲಿ ಮುಟ್ಟಿದರೆ ಪರವಾಗಿಲ್ಲ, ಎಲ್ಲಿ ಬೇಡ, ಬರೆದು ಕೊಡಿ ಅಂತ. ಒಬ್ಬ ‘ಸೊಂಟದ ಕೆಳಗೆ ಬೇಡ’ ಅಂತ ಬರೆದ. ಇನ್ನೊಬ್ಬ ‘ಕಿವಿ ಬೇಡ, ಕಚಗುಳಿ ಆಗುತ್ತೆ’ ಅಂತ. ನಕ್ಕೆವು, ಆದರೆ ಎರಡನ್ನೂ ಅಷ್ಟೇ ಗಂಭೀರವಾಗಿ ಪಾಲಿಸಿದೆವು. ಆಮೇಲೆ ಕುಣಿತದ ಹೆಜ್ಜೆ ಕೂಡಿಸಿದ ಹಾಗೆ ಲೆಕ್ಕ ಹಾಕಿದೆವು. ಕೈ ಭುಜದಲ್ಲಿ ಶುರು, ನಾಲ್ಕು ಎಣಿಸುವಷ್ಟು ಹೊತ್ತಿಗೆ ಬೆನ್ನಿನ ನಡುವೆ, ಅಲ್ಲಿ ನಿಲ್ಲಬೇಕು. ಹೀಗೆ ಲೆಕ್ಕ ಇದ್ದರೆ ಭಾವ ಸಾಯುತ್ತೆ ಅಂದುಕೊಂಡಿದ್ದೆ. ಉಲ್ಟಾ ಆಯಿತು. ಕೈ ಎಲ್ಲಿಗೆ ಬರುತ್ತೆ ಅಂತ ಗೊತ್ತಿದ್ದರಿಂದ ಇಬ್ಬರೂ ಮುಖದ ಕಡೆ ಗಮನ ಕೊಟ್ಟರು. ಶೂಟಿಂಗ್ ದಿನ ರೂಮಲ್ಲಿ ನಟರು ಬಿಟ್ಟರೆ ಮೂರೇ ಜನ. ಮೊಬೈಲ್‌ಗಳೆಲ್ಲ ಹೊರಗೆ, ಒಂದು ಬಕೆಟ್‌ನಲ್ಲಿ.

ಇನ್ನು ಎಣ್ಣೆ. ಹರಳೆಣ್ಣೆ ಹಚ್ಚಿದರೆ ಬೇಗ ಹೋಗುವುದಿಲ್ಲ, ಪ್ರತಿ ಟೇಕ್‌ಗೂ ಬೆನ್ನು ಒಣಗಿರಬೇಕು. ಅದಕ್ಕೇ ಕೊಬ್ಬರಿ ಎಣ್ಣೆ ತಂದೆ. ಆದರೂ ಪ್ರತಿ ಸಲ ಕಡಲೆಹಿಟ್ಟು ಹಾಕಿ ಉಜ್ಜಿ ತೊಳೆಯಬೇಕಾಯಿತು. ಮೂರು ಟೇಕ್‌ಗೆ ಬೆನ್ನು ಕೆಂಪಾಯಿತು, ನಾಲ್ಕನೆಯದು ಕೇಳುವ ಧೈರ್ಯ ನನಗಿರಲಿಲ್ಲ. ಬರಿಮೈಗೆ ಕಾಲರ್ ಮೈಕ್ ಎಲ್ಲಿ ಸಿಕ್ಕಿಸೋದು? ಟೇಪ್ ಹಾಕಿದರೆ ಎಣ್ಣೆಗೆ ಜಾರುತ್ತಿತ್ತು. ಗೋಡೆಗೆ ಬಣ್ಣ ಹೊಡೆಯುವ ಉದ್ದ ಕೋಲಿಗೆ ಮೈಕ್ ಕಟ್ಟಿ ಮೇಲಿಂದ ಹಿಡಿದೆವು. ಫ್ಯಾನ್ ಶಬ್ದ ಬರಬಾರದು ಅಂತ ಆಫ್ ಮಾಡಿದ್ದೆವು. ಬೆವರು ಎಣ್ಣೆಯ ಜೊತೆ ಸೇರಿ ಹೊಳೆಯುತ್ತಿತ್ತು, ಅದು ಮಾತ್ರ ಪುಕ್ಕಟೆ ಲಾಭ.

ಮೊದಲ ದಿನದ ಅರ್ಧ ಶೂಟಿಂಗ್ ಹಾಳಾಯಿತು, ತಪ್ಪು ನನ್ನದೇ. ಟ್ಯೂಬ್‌ಲೈಟ್ ಬೆಳಕಲ್ಲಿ ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬಿಡುವ ಹೊತ್ತು, 1/60 ಸೆಕೆಂಡಿನಲ್ಲಿ ಇಟ್ಟಿದ್ದೆ. ನಮ್ಮ ಕರೆಂಟು 50 ಹರ್ಟ್ಸ್, ಆ ಲಯದಲ್ಲಿ ಮಿನುಗುವ ಟ್ಯೂಬ್‌ಲೈಟಿಗೂ ಶಟರ್‌ಗೂ ತಾಳ ಕೂಡಲಿಲ್ಲ. ಹೀಗಾಗಿ ಗೋಡೆ ಮೇಲೆಲ್ಲ ಪಟ್ಟೆ ಪಟ್ಟೆ ಓಡುತ್ತಿತ್ತು. ಮರುದಿನ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಮಾಡಿದ ಮೇಲೆ ಸರಿಹೋಯಿತು. ನಮ್ಮಲ್ಲಿ ಟ್ಯೂಬ್‌ಲೈಟ್ ಕೆಳಗೆ ಶೂಟ್ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಿ.

ಲೆನ್ಸ್ 50 ಎಂಎಂ. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, 1.8ಕ್ಕೆ ಅಗಲವಾಗಿ ತೆರೆದಿದ್ದರಿಂದ ಒಂದಿಷ್ಟು ಅಲುಗಿದರೂ ಫೋಕಸ್ ತಪ್ಪುತ್ತಿತ್ತು. ಎರಡನೇ ಟೇಕ್‌ನಲ್ಲಿ ಮಂಜನ ಪಾತ್ರದವನ ಕೈ ಲೆಕ್ಕದ ಪ್ರಕಾರ ಬೆನ್ನಿನ ನಡುವೆ ನಿಂತಿತು. ನಿಂತೇ ಇತ್ತು. ಮುಂದಿನ ಸಾಲು ಮರೆತೇ ಹೋಗಿತ್ತು ಅವನಿಗೆ! ಪ್ರದೀಪನ ಪಾತ್ರದವನಿಗೆ ಅದು ಗೊತ್ತಿಲ್ಲ, ಕುತ್ತಿಗೆ ಸ್ವಲ್ಪ ತಿರುಗಿಸಿ ಕಾದ. ಹನ್ನೊಂದು ಸೆಕೆಂಡ್. ಮಧ್ಯದಲ್ಲಿ ಫೋಕಸ್ ಕೈಬೆರಳಿಂದ ಜಾರಿ ಹಿಂದಿನ ಕ್ಯಾಲೆಂಡರ್‌ಗೆ ಹೋಗಿ ವಾಪಸ್ ಬಂತು. ಎಡಿಟಿಂಗ್ ಮಾಡಿದ ಗೆಳತಿ, ‘ಇದನ್ನ ಎಸೆದರೆ ನಾನು ಎದ್ದು ಹೋಗ್ತೀನಿ’ ಅಂದಳು. ಇಟ್ಟುಕೊಂಡೆ. ಹಿನ್ನೆಲೆ ಸಂಗೀತ ಹಾಕಿ ನೋಡಿದೆವು, ಆ ಹನ್ನೊಂದು ಸೆಕೆಂಡ್‌ಗೆ ವೀಣೆ ಬಂದ ತಕ್ಷಣ ‘ಇದು ಪ್ರೀತಿ’ ಅಂತ ಬೋರ್ಡ್ ಹಾಕಿದ ಹಾಗಾಯಿತು. ತೆಗೆದು ಬಚ್ಚಲಲ್ಲಿ ಬಕೆಟ್ ತುಂಬುವ ಸದ್ದು ಹಾಕಿದೆವು. 31 ನಿಮಿಷದ ಮೊದಲ ಕಟ್ 19ಕ್ಕೆ ಇಳಿಯಿತು.

‘ಕೊನೆಗೆ ಅವನು ಗೇನಾ ಅಲ್ವಾ?’ ಅಂತ ನೋಡಿದವರೆಲ್ಲ ಕೇಳಿದರು. ಕೊನೆಯ ದೃಶ್ಯದಲ್ಲಿ ಪ್ರದೀಪ ಸಂಜೆ ಮತ್ತೆ ‘ಹುಷಾರಾದ್ಯಾ?’ ಅಂತಾನೆ. ಮಂಜ ‘ನಾನು ಹುಷಾರಾಗೇ ಇದ್ದೆ’ ಅಂತಾನೆ. ನನಗೆ ಗೊತ್ತಿರೋದು ಅಷ್ಟೇ. ಉತ್ತರ ಬೇಕು ಅನ್ನುವವರಿಗೆ ನನ್ನ ಸಿನಿಮಾ ಮೋಸ ಅನ್ನಿಸಬಹುದು, ಬೇಜಾರಿಲ್ಲ.

ಅಮ್ಮನಿಗೆ ತೋರಿಸುವ ಯೋಚನೆ ಇರಲಿಲ್ಲ. ತಂಗಿ ಅವಳ ಮೊಬೈಲ್‌ನಲ್ಲಿ ಹಾಕಿ ಕೊಟ್ಟಳು. ಅಮ್ಮ ಕನ್ನಡಕ ಹಾಕಿಕೊಂಡು, ಕೂತ ಕಡೆಯಿಂದ ಏಳದೆ ಪೂರ್ತಿ ನೋಡಿದಳು. ನಾನು ಅಡುಗೆಮನೆಯಲ್ಲಿ ಸುಮ್ನೆ ನೀರು ಕುಡಿಯುತ್ತಾ ನಿಂತಿದ್ದೆ.

‘ಎಣ್ಣೆ ಸ್ನಾನಕ್ಕೆ ಕೊಬ್ಬರಿ ಎಣ್ಣೆ ಯಾರು ಹಚ್ತಾರೋ? ಹರಳೆಣ್ಣೆ ಹಚ್ಚೋದು. ಅದೂ ಸ್ವಲ್ಪ ಬೆಚ್ಚಗೆ ಮಾಡ್ಕೊಂಡು’ ಅಂದಳು.

ತೊಳೆಯೋದು ಕಷ್ಟ ಅಂತ ಹಾಗೆ ಮಾಡಿದ್ವಿ ಅಂದೆ. ‘ಹ್ಞೂಂ’ ಅಂದಳು. ನಾನು ಬೆಂಗಳೂರಿಗೆ ವಾಪಸ್ ಬಂದ ಮೇಲೆ ಅದನ್ನು ಇನ್ನೊಂದು ಸಲ ನೋಡಿದಳಂತೆ, ಒಬ್ಬಳೇ. ತಂಗಿ ಹೇಳಿದಳು.