ವರ್ಷಗಟ್ಟಲೆ ಒಂದೇ ಬ್ಯಾಂಡಿನ ಫ್ಯಾನ್ ಆಗಿರುವುದು ಹೇಗೆ

ಒಂದು ಬ್ಯಾಂಡಿನ ಹುಚ್ಚು ಹಿಡಿಯುವುದು ಸುಲಭ. ಹದಿನೈದು ಹದಿನಾರನೇ ವಯಸ್ಸಿನಲ್ಲಿ ಒಂದು ಗಿಟಾರ್ ರಿಫ್, ಅಂದರೆ ಮತ್ತೆ ಮತ್ತೆ ಬರುವ ಒಂದು ಚಿಕ್ಕ ತುಣುಕು, ಕಿವಿಗೆ ಬಿದ್ದರೆ ಸಾಕು, ಮುಂದಿನ ಆರು ತಿಂಗಳು ಬೇರೆ ಯಾವುದೂ ರುಚಿಸುವುದಿಲ್ಲ. ಕಷ್ಟ ಶುರುವಾಗುವುದು ಆಮೇಲೆ. ಹಾಡುವವನು ಬಿಟ್ಟು ಹೋಗುತ್ತಾನೆ, ಐದನೇ ಆಲ್ಬಮ್ ಪೂರಾ ಬೇರೆ ಥರ ಬರುತ್ತದೆ, ನಿಮಗೂ ಕೆಲಸ, ಮನೆ, ಮಕ್ಕಳು ಅಂತ ಪುರುಸೊತ್ತೇ ಸಿಗುವುದಿಲ್ಲ, ಅಷ್ಟರಲ್ಲಿ ಯಾರೋ ಬಂದು ‘ಇನ್ನೂ ಅವರನ್ನೇ ಕೇಳ್ತೀಯಾ?’ ಅಂತ ನಗುತ್ತಾರೆ. ಇದನ್ನೆಲ್ಲ ದಾಟಿಕೊಂಡು ಇಪ್ಪತ್ತು ಮೂವತ್ತು ವರ್ಷ ಉಳಿಯುವುದಕ್ಕೆ ಏನು ಮಾಡಬೇಕು ಅನ್ನುವುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲೇ ಒಂದು ಮಾತು. ಫ್ಯಾನ್‌ಗೆ ಇರುವ ಕೆಲಸ ಒಂದೇ, ಕೇಳುವುದು. ಟೀ ಶರ್ಟು, ಪೋಸ್ಟರು, ಯಾರು ದೊಡ್ಡ ಫ್ಯಾನ್ ಅನ್ನುವ ಜಗಳ, ಬ್ಯಾಂಡಿನವರು ಇವತ್ತು ಎಲ್ಲಿದ್ದಾರೆ ಅನ್ನುವ ಸುದ್ದಿ, ಇವೆಲ್ಲ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಇವುಗಳ ಹಿಂದೆ ಬಿದ್ದವರಿಗೆ ಬೇಗ ಸುಸ್ತಾಗುತ್ತದೆ. ಕೇಳುವುದರಲ್ಲೇ ಖುಷಿ ಕಂಡವರು ಉಳಿದುಕೊಳ್ಳುತ್ತಾರೆ.

ಹಾಗಂತ ಹಗಲೂ ರಾತ್ರಿ ಅದೇ ಹಾಡು ಹಾಕಿಕೊಂಡು ಕೂರಬೇಡಿ. ನಿಮಗೆ ಪ್ರಾಣ ಅನ್ನುವಂಥ ಆಲ್ಬಮ್ ಇರುತ್ತದಲ್ವಾ, ಅದನ್ನೇ ವರ್ಷದಲ್ಲಿ ಕೆಲವು ತಿಂಗಳು ಮುಟ್ಟಬೇಡಿ. ಅಲಾರಂಗೆ, ಫೋನಿನ ರಿಂಗ್‌ಟೋನಿಗೆ ಅಂತೂ ಆ ಹಾಡು ಹಾಕಲೇಬೇಡಿ, ಎಂಥಾ ಒಳ್ಳೆ ಹಾಡನ್ನಾದರೂ ಒಂದೇ ತಿಂಗಳಲ್ಲಿ ದ್ವೇಷಿಸುವ ಹಾಗೆ ಮಾಡುವ ದಾರಿ ಅದು. ಕೇಳುವಾಗ ಶಫಲ್ ಆಫ್ ಮಾಡಿ, ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಅವರು ಇಟ್ಟ ಕ್ರಮದಲ್ಲೇ ಕೇಳಿ. ಹಿಟ್ ಹಾಡುಗಳ ಪ್ಲೇಲಿಸ್ಟ್ ಕೆಲವೇ ತಿಂಗಳಲ್ಲಿ ಸವೆದು ಹೋಗುತ್ತದೆ. ಆಲ್ಬಮ್ಮಿನ ಏಳನೇ, ಎಂಟನೇ ಹಾಡುಗಳು, ಯಾರೂ ಮಾತಾಡದ ಬಿ-ಸೈಡ್‌ಗಳು (ಹಿಟ್ ಹಾಡಿನ ರೆಕಾರ್ಡಿನ ಹಿಂಬದಿಗೆ ಹಾಕುವ ಹಾಡುಗಳು), ಇವೇ ಹತ್ತು ವರ್ಷ ಕಳೆದ ಮೇಲೆ ಕೈಹಿಡಿಯುವುದು.

ಈಗ ಅಸಲಿ ಪರೀಕ್ಷೆಗೆ ಬರೋಣ: ಹೊಸ ಆಲ್ಬಮ್ ಬಂತು, ನಿಮಗೆ ಹಿಡಿಸಲಿಲ್ಲ.

ಇದು ಆಗಿಯೇ ಆಗುತ್ತದೆ. ರೇಡಿಯೋಹೆಡ್ 1997ರಲ್ಲಿ ‘ಓಕೆ ಕಂಪ್ಯೂಟರ್’ ಮಾಡಿ ಜಗತ್ತನ್ನೇ ಗೆದ್ದ ಮೇಲೆ, ಇನ್ನೊಂದು ಅಂಥದ್ದೇ ಗಿಟಾರ್ ಆಲ್ಬಮ್ ಬರುತ್ತದೆ ಅಂತ ಎಲ್ಲರೂ ಕಾದರು. 2000ದಲ್ಲಿ ಬಂದ ‘ಕಿಡ್ ಎ’ಯಲ್ಲಿ ಗಿಟಾರ್ ಹುಡುಕಬೇಕಿತ್ತು, ಸಿಂಥಸೈಜರ್ರು, ಯಂತ್ರದಂಥ ತಾಳ, ತುಂಡು ತುಂಡು ದನಿಗಳು, ಸಿಂಗಲ್ ಅಂತ ಬಿಡಿಯಾಗಿ ಒಂದು ಹಾಡನ್ನೂ ಅವರು ಹೊರತರಲಿಲ್ಲ. ಬೇಜಾರು ಮಾಡಿಕೊಂಡವರು ಬಹಳ ಜನ. ಈಗ ನೋಡಿದರೆ ಅವರ ಅತ್ಯುತ್ತಮ ಆಲ್ಬಮ್ ಯಾವುದು ಅಂತ ಕೇಳಿದಾಗ ಎಷ್ಟೋ ಜನ ಅದನ್ನೇ ಹೇಳುತ್ತಾರೆ. ಆದರೆ ಎಲ್ಲ ಕಥೆಯೂ ಹೀಗೇ ಮುಗಿಯುವುದಿಲ್ಲ. ಮೆಟಾಲಿಕಾದ 2003ರ ‘ಸೇಂಟ್ ಆ್ಯಂಗರ್’ನಲ್ಲಿ ಸ್ನೇರ್ ಡ್ರಮ್ಮಿನ ಅಡಿಯ ತಂತಿಗಳನ್ನು ಸಡಿಲ ಬಿಟ್ಟು ನುಡಿಸಿದ್ದಾರೆ, ಅದು ಖಾಲಿ ಡಬ್ಬ ಬಡಿದ ಹಾಗೆ ಟಣ್ ಟಣ್ ಅನ್ನುತ್ತದೆ, ಗಿಟಾರ್ ಸೋಲೊ ಒಂದೂ ಇಲ್ಲ. ಇಪ್ಪತ್ತು ವರ್ಷ ದಾಟಿದರೂ ಅದರ ಬಗ್ಗೆ ಜಗಳ ನಿಂತಿಲ್ಲ.

ಹಾಗಾಗಿ ಹೀಗೆ ಮಾಡಿ. ಆಲ್ಬಮ್ ಬಂದ ದಿನ ಯಾರಿಗೂ ಅಭಿಪ್ರಾಯ ಹೇಳಬೇಡಿ. ಒಂದು ಸಲ ಹೇಳಿಬಿಟ್ಟರೆ ಆಮೇಲೆ ಆ ಮಾತನ್ನು ಕಾಪಾಡಿಕೊಳ್ಳುವುದರಲ್ಲೇ ಹೊತ್ತು ಹೋಗುತ್ತದೆ, ಹಾಡು ಕೇಳುವುದಿಲ್ಲ. ಮೊದಲ ಸಲ ಬೇರೆ ಕೆಲಸ ಮಾಡುತ್ತಾ ಸುಮ್ನೆ ಹಾಕಿ ಬಿಡಿ. ಎರಡನೇ ಸಲ ಹೆಡ್‌ಫೋನ್ ಹಾಕಿಕೊಂಡು ಬೇಸ್ ಗಿಟಾರನ್ನು ಮಾತ್ರ ಹಿಂಬಾಲಿಸಿ. ಹಾಡುವವರ ದನಿ ಬಂದಾಗ ಗಮನ ಅತ್ತ ಹೋಗುತ್ತದೆ, ಎಳೆದು ತಂದು ಮತ್ತೆ ಕೆಳಗಿನ ಆ ಸ್ವರದ ಮೇಲೆ ಇಡಿ. ಪಲ್ಲವಿಯಲ್ಲಿ ಬೇಸ್ ಎಲ್ಲಿ ನಿಲ್ಲುತ್ತದೆ, ಕಾಲಿಂದ ಬಾರಿಸುವ ಕಿಕ್ ಡ್ರಮ್ಮಿನ ಜೊತೆಗೇ ಬೀಳುತ್ತದಾ ಇಲ್ಲಾ ಸ್ವಲ್ಪ ಹಿಂದೆ ಬೀಳುತ್ತದಾ, ಇದನ್ನು ಗಮನಿಸಿದರೆ ಮೊದಲು ಚಪ್ಪಟೆ ಅನ್ನಿಸಿದ ಹಾಡಿನಲ್ಲೂ ಏನೋ ನಡೆಯುತ್ತಿರುವುದು ಕಾಣುತ್ತದೆ. ಮೂರನೇ ಸಲ ಸಾಹಿತ್ಯ ಎದುರಿಗಿಟ್ಟುಕೊಂಡು ಓದುತ್ತಾ ಕೇಳಿ. ಆಮೇಲೆ ಒಂದೆರಡು ತಿಂಗಳು ಎತ್ತಿಟ್ಟುಬಿಡಿ. ಮತ್ತೆ ಕೇಳಿದಾಗಲೂ ಹಿಡಿಸಲಿಲ್ಲವಾ? ಸರಿ, ಹಿಡಿಸಲಿಲ್ಲ ಅಂತ ಧಾರಾಳವಾಗಿ ಹೇಳಿ. ನೀವೇನು ಅವರ ವಕೀಲರಲ್ಲ. ಕೆಟ್ಟ ಆಲ್ಬಮ್ಮನ್ನು ಕೆಟ್ಟದ್ದು ಅನ್ನಲಾಗದ ಫ್ಯಾನ್‌ಗಳು ಒಂದು ದಿನ ಇದ್ದಕ್ಕಿದ್ದಂತೆ ಪೂರ್ತಿ ದೂರ ಹೋಗಿಬಿಡುತ್ತಾರೆ, ಬೈದುಕೊಂಡೇ ಕೇಳುವವರು ಎಲ್ಲೂ ಹೋಗುವುದಿಲ್ಲ.

ಇದಕ್ಕಿಂತ ದೊಡ್ಡ ಏಟು ಅಂದರೆ ಬ್ಯಾಂಡಿನ ಜನ ಬದಲಾಗುವುದು. ಎಸಿ/ಡಿಸಿಯ ಗಾಯಕ ಬಾನ್ ಸ್ಕಾಟ್ ತೀರಿಕೊಂಡಿದ್ದು 1980ರ ಫೆಬ್ರವರಿಯಲ್ಲಿ. ಅದೇ ಜುಲೈನಲ್ಲಿ ಬ್ರಯಾನ್ ಜಾನ್ಸನ್ ದನಿಯಲ್ಲಿ ‘ಬ್ಯಾಕ್ ಇನ್ ಬ್ಲ್ಯಾಕ್’ ಬಂತು, ಅವರ ಆಲ್ಬಮ್‌ಗಳಲ್ಲೇ ಅತಿ ಹೆಚ್ಚು ಮಾರಾಟವಾಗಿದ್ದು ಅದು. ಫ್ಲೀಟ್‌ವುಡ್ ಮ್ಯಾಕ್ 1967ರಲ್ಲಿ ಬ್ಲೂಸ್ ಬ್ಯಾಂಡ್ ಆಗಿ ಶುರುವಾಗಿತ್ತು. 1977ರ ‘ರೂಮರ್ಸ್’ ಹೊತ್ತಿಗೆ ಆ ಮೊದಲ ವರ್ಷದವರಲ್ಲಿ ಉಳಿದಿದ್ದು ಡ್ರಮ್ಮರ್ ಮಿಕ್ ಫ್ಲೀಟ್‌ವುಡ್ ಮತ್ತು ಬೇಸ್ ನುಡಿಸುವ ಜಾನ್ ಮೆಕ್‌ವೀ, ಇಬ್ಬರೇ. ಲಿಂಕಿನ್ ಪಾರ್ಕ್‌ನ ಗಾಯಕ ಚೆಸ್ಟರ್ ಬೆನಿಂಗ್ಟನ್ 2017ರಲ್ಲಿ ತೀರಿಕೊಂಡ ಮೇಲೆ ಏಳು ವರ್ಷ ಬಿಟ್ಟು, 2024ರಲ್ಲಿ, ಹೊಸ ಗಾಯಕಿ ಎಮಿಲಿ ಆರ್ಮ್‌ಸ್ಟ್ರಾಂಗ್ ಜೊತೆ ಬ್ಯಾಂಡ್ ವಾಪಸ್ ಬಂತು.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಹುಡುಕುವುದು ಹೊಸಬರು ಹಳೇ ಹಾಡು ಹಾಡಿರುವ ಲೈವ್ ವಿಡಿಯೋ. ಅದನ್ನೇ ಮಾಡಬೇಡಿ ಅನ್ನುತ್ತೇನೆ. ಆ ಹಾಡು ಬೇರೆ ಗಂಟಲಿಗೆ ಅಂತ ಬರೆದಿದ್ದು, ನಿಮ್ಮ ಕಿವಿಯಲ್ಲಿ ಹಳೇ ದನಿ ಅಚ್ಚೊತ್ತಿ ಕೂತಿದೆ, ಹೊಸಬರು ಎಷ್ಟು ಚೆನ್ನಾಗಿ ಹಾಡಿದರೂ ಸೋಲುತ್ತಾರೆ. ಅವರ ದನಿಗೆ ಅಂತಲೇ ಮಾಡಿದ ಹೊಸ ಹಾಡುಗಳನ್ನು ಮೊದಲು ಕೇಳಿ. ಅವು ಕಿವಿಗೆ ಒಗ್ಗಿದ ಮೇಲೆ ಹಳೇ ಹಾಡುಗಳ ಲೈವ್‌ಗೆ ಹೋಗಿ. ಐರನ್ ಮೇಡನ್ ಫ್ಯಾನ್‌ಗಳಿಗೆ ಇದು ಚೆನ್ನಾಗಿ ಗೊತ್ತು. ಗಾಯಕ ಬ್ರೂಸ್ ಡಿಕಿನ್ಸನ್ 1993ರಲ್ಲಿ ಬಿಟ್ಟು 1999ರಲ್ಲಿ ಮರಳುವುದರ ನಡುವೆ ಬ್ಲೇಜ್ ಬೇಯ್ಲಿ ಎರಡು ಆಲ್ಬಮ್ ಹಾಡಿದರು, ಜನ ಮೂಗು ಮುರಿದರು, ಆದರೆ ಆ ಆಲ್ಬಮ್‌ಗಳ ಕೆಲವು ಹಾಡುಗಳನ್ನು ಡಿಕಿನ್ಸನ್ ಬಂದ ಮೇಲೂ ಬ್ಯಾಂಡ್ ವೇದಿಕೆಯಲ್ಲಿ ನುಡಿಸಿತು. ಆ ಆರು ವರ್ಷ ಕಿವಿ ಮುಚ್ಚಿಕೊಂಡವರು ಆಮೇಲೆ ಹಿಂದೆ ಹೋಗಿ ಹುಡುಕಿಕೊಂಡು ಕೇಳಬೇಕಾಯಿತು.

ಮತ್ತೊಂದು ಏಟು ಅಂದರೆ ಬ್ಯಾಂಡಿನ ಮೌನ. ಟೂಲ್ ಬ್ಯಾಂಡ್ 2006ರಿಂದ 2019ರವರೆಗೆ ಹೊಸ ಆಲ್ಬಮ್ ಕೊಡಲಿಲ್ಲ. ಮೈ ಬ್ಲಡಿ ವ್ಯಾಲೆಂಟೈನ್ 1991ರ ನಂತರದ ಆಲ್ಬಮ್ ತಂದಿದ್ದು 2013ರಲ್ಲಿ. ಆಬ್ಬಾದವರು 1982ರಲ್ಲಿ ನಿಲ್ಲಿಸಿ 2021ರಲ್ಲಿ ಹೊಸ ಆಲ್ಬಮ್ ಕೊಟ್ಟರು. ಇಷ್ಟು ವರ್ಷ ‘ಈ ವರ್ಷ ಬರುತ್ತಂತೆ’ ಅನ್ನುವ ಗಾಳಿಸುದ್ದಿ ನಂಬಿಕೊಂಡು ಕೂತರೆ ತಲೆ ಕೆಡುತ್ತದೆ. ಬ್ಯಾಂಡಿನ ಸುತ್ತಮುತ್ತ ತಿರುಗಾಡಿ. ಟೂಲ್‌ನ ಗಾಯಕ ಮೇನಾರ್ಡ್ ಕೀನನ್‌ಗೆ ಎ ಪರ್ಫೆಕ್ಟ್ ಸರ್ಕಲ್, ಪುಸಿಫರ್ ಅಂತ ಬೇರೆ ಬ್ಯಾಂಡ್‌ಗಳಿವೆ, ರೇಡಿಯೋಹೆಡ್‌ನ ಜಾನಿ ಗ್ರೀನ್‌ವುಡ್ ಸಿನಿಮಾಗಳಿಗೆ ಸಂಗೀತ ಮಾಡುತ್ತಾರೆ. ಸಿಡಿ ಅಥವಾ ರೆಕಾರ್ಡ್ ಇದ್ದರೆ ಒಳಗಿನ ಪುಸ್ತಿಕೆಯ ಕೊನೇ ಪುಟ ತೆಗೆಯಿರಿ, ಕಣ್ಣಿಗೆ ಕಾಣದಷ್ಟು ಚಿಕ್ಕ ಅಕ್ಷರದಲ್ಲಿ ಪ್ರೊಡ್ಯೂಸರ್ ಯಾರು, ಮಿಕ್ಸ್ ಮಾಡಿದ್ದು ಯಾರು, ಮೂರನೇ ಹಾಡಿನಲ್ಲಿ ಚೆಲ್ಲೋ ನುಡಿಸಿದ್ದು ಯಾರು ಅಂತ ಇರುತ್ತದೆ. ಆ ಹೆಸರು ಹಿಡಿದು ಹೊರಟರೆ ಇನ್ನೂ ನಾಲ್ಕು ಬ್ಯಾಂಡ್ ಸಿಗುತ್ತವೆ.

ಲೈವ್ ರೆಕಾರ್ಡಿಂಗ್‌ಗಳದ್ದು ಇನ್ನೊಂದೇ ಲೋಕ. ಗ್ರೇಟ್‌ಫುಲ್ ಡೆಡ್ ಬ್ಯಾಂಡಿನವರು 1984ರಿಂದ ಕಾನ್ಸರ್ಟ್ ರೆಕಾರ್ಡ್ ಮಾಡಿಕೊಳ್ಳುವ ಫ್ಯಾನ್‌ಗಳಿಗೆ ಅಂತಲೇ ಬೇರೆ ಜಾಗ ಕೊಟ್ಟರು, ಆ ಟೇಪುಗಳು ಕೈಯಿಂದ ಕೈಗೆ ಓಡಾಡಿದವು. ನಿಮ್ಮ ಬ್ಯಾಂಡಿನ ಒಂದೇ ಹಾಡನ್ನು ಆರಿಸಿಕೊಂಡು, ಅದರ ಬೇರೆ ಬೇರೆ ಕಾಲದ ಲೈವ್‌ಗಳನ್ನು ಒಂದರ ಹಿಂದೆ ಒಂದು ಕೇಳಿ ನೋಡಿ. ಮೊದಮೊದಲು ವೇಗ ಜಾಸ್ತಿ, ಎಲ್ಲರಿಗೂ ಅವಸರ. ನಡುವಿನ ವರ್ಷಗಳಲ್ಲಿ ಸೋಲೊ ಉದ್ದ ಆಗುತ್ತದೆ. ಆಮೇಲೆ ಗಿಟಾರಿನ ಶ್ರುತಿ ಅರ್ಧ ಸ್ವರ ಕೆಳಗೆ ಇಳಿದಿರುತ್ತದೆ, ವಯಸ್ಸಾದ ಗಂಟಲಿಗೆ ಅನುಕೂಲ ಆಗಲಿ ಅಂತ. ಕೊನೆಕೊನೆಗೆ ಆ ಎತ್ತರದ ಸ್ವರ ಬರುವ ಜಾಗದಲ್ಲಿ ಮೈಕು ಪ್ರೇಕ್ಷಕರ ಕಡೆ ತಿರುಗುತ್ತದೆ, ಹಾಡುವ ಕೆಲಸ ನಿಮ್ಮ ತಲೆಗೇ ಬೀಳುತ್ತದೆ!

ಕಾನ್ಸರ್ಟ್ ವಿಷಯ ಬಂದಿದ್ದಕ್ಕೆ ಕಿವಿಯ ಮಾತು ಹೇಳಲೇಬೇಕು. ಮೂವತ್ತು ವರ್ಷ ಕೇಳಬೇಕು ಅಂದರೆ ಮೂವತ್ತು ವರ್ಷ ಕಿವಿ ಇರಬೇಕಲ್ವಾ. ಅಮೆರಿಕದ ಕೆಲಸದ ಸುರಕ್ಷತೆಯ ಸಂಸ್ಥೆ ನಿಯೋಷ್ ಹೇಳುವ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್ ತಲುಪುವಷ್ಟರಲ್ಲಿ ಉಳಿಯುವುದು 15 ನಿಮಿಷ. ರಾಕ್ ಕಾನ್ಸರ್ಟ್‌ನಲ್ಲಿ ಅದಕ್ಕಿಂತ ಜೋರಾಗಿ ಎರಡು ಗಂಟೆ ನಡೆಯುವುದು ಮಾಮೂಲು. 2016ರಲ್ಲಿ ಎಸಿ/ಡಿಸಿಯ ಬ್ರಯಾನ್ ಜಾನ್ಸನ್ ಅವರೇ ಕಿವಿ ಪೂರ್ತಿ ಹೋಗುವ ಅಪಾಯ ಇದೆ ಅಂತ ಡಾಕ್ಟರು ಹೇಳಿದ ಮೇಲೆ ಪ್ರವಾಸ ಅರ್ಧಕ್ಕೆ ಬಿಡಬೇಕಾಯಿತು.

ಇಯರ್‌ಪ್ಲಗ್ ಹಾಕಿಕೊಳ್ಳಿ. ಸಾದಾ ಫೋಮಿನದ್ದು ಮೇಲಿನ ಸ್ವರಗಳನ್ನೇ ಜಾಸ್ತಿ ನುಂಗುತ್ತದೆ, ಹಾಡು ಮಂಕಾಗಿ ಕೇಳುತ್ತದೆ. ಸಂಗೀತಕ್ಕೆ ಅಂತಲೇ ಮಾಡಿದ ಪ್ಲಗ್ ಸದ್ದನ್ನು ಹೆಚ್ಚುಕಮ್ಮಿ ಒಂದೇ ಸಮ ತಗ್ಗಿಸುತ್ತದೆ, ಹಾಡುವವರ ಮಾತು ಇನ್ನೂ ಸ್ಪಷ್ಟ ಆಗುತ್ತದೆ. ಫೋಮೇ ಸಿಕ್ಕಿದ್ದು ಅಂದರೆ ಹಾಕುವ ರೀತಿ ತಿಳಿದಿರಲಿ: ಬೆರಳಲ್ಲಿ ಹೊಸೆದು ಸಣ್ಣ ಬತ್ತಿ ಮಾಡಿ, ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ, ಒಳಗೆ ತೂರಿಸಿ, ಅದು ಉಬ್ಬಿ ಕೂರುವವರೆಗೆ ಬೆರಳಿಂದ ಒತ್ತಿ ಹಿಡಿಯಿರಿ. ಕಿವಿಯ ಬಾಗಿಲಲ್ಲಿ ನೇತಾಡುತ್ತಿದ್ದರೆ ಏನೂ ಉಪಯೋಗವಿಲ್ಲ. ಇನ್ನು ಫೋನಲ್ಲಿ ರೆಕಾರ್ಡ್ ಮಾಡುವ ಆಸೆ ಇದ್ದರೆ ಒಂದು ಹಾಡು ಮಾಡಿ, ಆಮೇಲೆ ಜೇಬಿಗೆ ಹಾಕಿ. ಹಿಂದೆ ನಿಂತವರಿಗೂ ವೇದಿಕೆ ಕಾಣಲಿ.

ದುಡ್ಡಿನ ವಿಷಯದಲ್ಲಿ ನನ್ನದು ಒಂದೇ ನಿಯಮ. ಇದುವರೆಗೆ ಕೇಳದ ಹಾಡು, ಡೆಮೊ (ಹಾಡಿನ ಮೊದಲ ಕರಡು ರೆಕಾರ್ಡಿಂಗ್), ಲೈವ್ ಏನಾದರೂ ಅದರಲ್ಲಿದ್ದರೆ ಕೊಳ್ಳಿ, ಅದೇ ಆಲ್ಬಮ್ ಬೇರೆ ಬಣ್ಣದ ರೆಕಾರ್ಡಿನಲ್ಲಿ ಬಂದಿದೆ ಅಂದರೆ ಬಿಡಿ. ನಿಮ್ಮದು ಸಣ್ಣ ಬ್ಯಾಂಡ್ ಆಗಿದ್ದರೆ ಸ್ಟ್ರೀಮಿಂಗ್ ನೆಚ್ಚಿಕೊಳ್ಳಬೇಡಿ. ಸ್ಪಾಟಿಫೈನಲ್ಲಿ 2024ರಿಂದ ವರ್ಷಕ್ಕೆ 1000 ಸಲವೂ ಕೇಳಿಸಿಕೊಳ್ಳದ ಹಾಡಿಗೆ ದುಡ್ಡೇ ಇಲ್ಲ. ಬ್ಯಾಂಡಿನಿಂದ ನೇರವಾಗಿ ಕೊಂಡರೆ ಅವರ ಕೈಗೆ ಜಾಸ್ತಿ ಸೇರುತ್ತದೆ. ಬ್ಯಾಂಡ್‌ಗಳು ನೇರವಾಗಿ ಹಾಡು ಮಾರುವ ವೆಬ್‌ಸೈಟ್ ಬ್ಯಾಂಡ್‌ಕ್ಯಾಂಪ್‌ನವರು 2020ರ ಮಾರ್ಚ್‌ನಿಂದ ಕೆಲವು ಶುಕ್ರವಾರಗಳಂದು ತಮ್ಮ ಪಾಲು ಬಿಟ್ಟುಕೊಡುವ ರೂಢಿ ಇಟ್ಟುಕೊಂಡಿದ್ದಾರೆ, ಕೊಳ್ಳುವುದಿದ್ದರೆ ಆ ದಿನ ನೋಡಿಕೊಂಡು ಕೊಳ್ಳಿ. ಕೊಂಡ ಫೈಲುಗಳನ್ನು ಎರಡು ಕಡೆ ಉಳಿಸಿಡಿ. ಮೈಸ್ಪೇಸ್ ಅನ್ನುವ ಸೋಶಿಯಲ್ ಮೀಡಿಯಾ ತಾಣದಲ್ಲಿ 2003ರಿಂದ 2015ರವರೆಗೆ ಜನ ಹಾಕಿದ್ದ ಹಾಡುಗಳು ಸರ್ವರ್ ಬದಲಿಸುವಾಗ ಅಳಿಸಿ ಹೋದವು ಅಂತ 2019ರಲ್ಲಿ ಗೊತ್ತಾಯಿತು. ಎಷ್ಟೋ ಸಣ್ಣ ಬ್ಯಾಂಡ್‌ಗಳ ಹಾಡು ಇದ್ದಿದ್ದೇ ಅಲ್ಲಿ.

ಬೇರೆ ಫ್ಯಾನ್‌ಗಳ ಜೊತೆ ಹೇಗಿರಬೇಕು ಅಂದರೆ, ಹೊಸಬರನ್ನು ‘ಐದು ಹಾಡು ಹೇಳು ನೋಡೋಣ’ ಅಂತ ಪರೀಕ್ಷೆ ಮಾಡಬೇಡಿ, ಅಷ್ಟೇ. ಒಂದು ಒಳ್ಳೆ ಬಿ-ಸೈಡ್ ಕಳಿಸಿ.

ಬ್ಯಾಂಡಿನವರೇ ಏನಾದರೂ ಮಾಡಬಾರದ್ದು ಮಾಡಿದರೆ? ಇದಕ್ಕೆ ಸುಲಭದ ಉತ್ತರ ಇಲ್ಲ. ನನಗೆ ಅನ್ನಿಸುವುದು ಇಷ್ಟು: ಹಾಡು ನಿಮ್ಮ ಬದುಕಿನಲ್ಲಿ ಬೆರೆತಿರಬಹುದು, ಆದರೆ ಆ ಮನುಷ್ಯನ ನಡತೆಗೆ ನೀವು ಜಾಮೀನು ನಿಂತಿಲ್ಲ. ತೊಂದರೆ ಅನುಭವಿಸಿದವರನ್ನು ಬೈದು ಬ್ಯಾಂಡನ್ನು ಉಳಿಸಲು ಹೋಗಬೇಡಿ. ಕೇಳುವುದಕ್ಕೆ ಮನಸ್ಸಾಗದಿದ್ದರೆ ನಿಲ್ಲಿಸಿ, ಅದಕ್ಕೆ ಯಾರಿಗೂ ವಿವರಣೆ ಕೊಡಬೇಕಾಗಿಲ್ಲ.

ಸುಮ್ನೆ ಬೇಜಾರಾಗಿ ಒಂದೆರಡು ವರ್ಷ ಕೇಳದೇ ಇದ್ದರೂ ಏನೂ ಆಗುವುದಿಲ್ಲ. ಜಾಝ್ ಕೇಳಿ, ಶಾಸ್ತ್ರೀಯ ಕೇಳಿ, ಬೇರೆ ಬ್ಯಾಂಡ್ ಹಿಡಿಯಿರಿ. ವಾಪಸ್ ಬಂದಾಗ ಕಿವಿ ಸ್ವಲ್ಪ ಹೊಸದಾಗಿರುತ್ತದೆ, ಆಗ ಹಳೇ ಹಾಡಿನಲ್ಲಿ ಮೊದಲು ಕೇಳದ ಎರಡನೇ ಗಿಟಾರ್ ಇದ್ದಕ್ಕಿದ್ದಂತೆ ಸಿಗುತ್ತದೆ.

ಇನ್ನು ಬ್ಯಾಂಡೇ ಮುಗಿದು ಹೋದರೆ. ಓಯಸಿಸ್ 2009ರಲ್ಲಿ ಜಗಳ ಆಡಿಕೊಂಡು ಒಡೆದು, 2025ರಲ್ಲಿ ಬ್ಯಾಂಡಿನ ಅಣ್ಣತಮ್ಮ ನೋಯೆಲ್, ಲಿಯಾಮ್ ಗ್ಯಾಲಗರ್ ಇಬ್ಬರೂ ಮತ್ತೆ ಒಂದೇ ವೇದಿಕೆ ಹತ್ತಿದರು. ಆರ್.ಇ.ಎಮ್. 2011ರಲ್ಲಿ ಸಮಾಧಾನವಾಗಿ ಮುಗಿಸಿದರು, 2024ರಲ್ಲಿ ಒಂದು ಸಮಾರಂಭದಲ್ಲಿ ನಾಲ್ವರೂ ಸೇರಿ ಒಂದು ಹಾಡು ನುಡಿಸಿದರು, ಆದರೂ ಪ್ರವಾಸದ ಮಾತೇ ಎತ್ತಲಿಲ್ಲ. ನಿಮ್ಮ ಬ್ಯಾಂಡ್ ಯಾವ ಥರದ್ದೋ ಹೇಳಲಾಗದು, ಕಾಯುವುದನ್ನೇ ಒಂದು ಕೆಲಸ ಮಾಡಿಕೊಳ್ಳಬೇಡಿ. ಅದರ ಬದಲು ವಾರಕ್ಕೊಂದು ಆಲ್ಬಮ್ ಹಾಗೆ ಬಂದ ಕ್ರಮದಲ್ಲೇ ಎಲ್ಲವನ್ನೂ ಮತ್ತೆ ಕೇಳಿ, ಹಿಡಿಸಲಿಲ್ಲ ಅಂತ ಎತ್ತಿಟ್ಟಿದ್ದನ್ನೂ ಬಿಡಬೇಡಿ. ಬೇಕಿದ್ದರೆ ಎರಡನೇ ಆಲ್ಬಮ್‌ನಿಂದಲೇ ಶುರು ಮಾಡಿ, ಮೊದಲನೆಯದು ಹೇಗಿದ್ದರೂ ಬಾಯಿಪಾಠ ಆಗಿರುತ್ತದೆ.