ನಾಯಿ, ಗಿಣಿ, ಇಗ್ವಾನಾ: ಮನೆಗೆ ತರುವ ಮುಂಚೆ ಕಾಗದ ನೋಡಿ

ಮೈಸೂರಿನ ಸರಸ್ವತಿಪುರಂನಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ನಾಯಿ-ಬೆಕ್ಕಿನ ಆಹಾರ, ಬೆಲ್ಟು, ಪಂಜರ, ಮೀನಿನ ತೊಟ್ಟಿಯ ಸಾಮಾನು ಮಾರುತ್ತೇನೆ. ಪ್ರಾಣಿ ಮಾರುವುದಿಲ್ಲ. ಆದರೂ ಜನ ರೇಟಿಗಿಂತ ಜಾಸ್ತಿ ಕೇಳುವುದು ಕಾನೂನು. "ರಾಟ್‌ವೀಲರ್ ಸಾಕಿದರೆ ಪೊಲೀಸರು ಬರ್ತಾರಂತೆ, ಹೌದಾ?" ಅಂತ ಹೆದರಿಕೊಂಡು ಕೇಳುವವರೇ, ಹೋಗುವ ಮುಂಚೆ "ಹಾಗೇ ನಮ್ಮ ಗಿಣಿಗೆ ಅರ್ಧ ಕೆ.ಜಿ. ಸೂರ್ಯಕಾಂತಿ ಬೀಜ ಕೊಡಿ" ಅನ್ನುತ್ತಾರೆ.

ರಾಟ್‌ವೀಲರ್ ಸಾಕಬಹುದು. ನಮ್ಮ ಹಸಿರು ಗಿಣಿ ಸಾಕುವಂತಿಲ್ಲ. ಪ್ರಾಣಿ ನೋಡಿದರೆ ಭಯ ಆಗುತ್ತಾ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಅದು ಎಲ್ಲಿಂದ ಬಂತು, ಕೈಯಲ್ಲಿ ಯಾವ ಕಾಗದ ಇದೆ, ಹೆಚ್ಚುಕಮ್ಮಿ ಆದರೆ ಯಾರು ಹೊಣೆ, ಅದನ್ನು ಮೊದಲು ನೋಡಿಕೊಳ್ಳಿ.

ಜೋರು ನಾಯಿ ಸಾಕುವವರಿಗೆ

ಮೊದಲು ತಳಿಯ ಗೊಂದಲ. 2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನಾ ಇಲಾಖೆ ರಾಜ್ಯಗಳಿಗೆ ಒಂದು ಪತ್ರ ಬರೆಯಿತು. ಪಿಟ್‌ಬುಲ್, ರಾಟ್‌ವೀಲರ್, ಕೇನ್ ಕೊರ್ಸೊ, ಡೋಗೊ ಅರ್ಜೆಂಟಿನೊ ಮುಂತಾದ 23 ತಳಿಗಳಿಗೆ ಲೈಸೆನ್ಸ್ ಕೊಡಬೇಡಿ, ಈಗಾಗಲೇ ಇರುವವಕ್ಕೆ ಸಂತಾನಹರಣ ಮಾಡಿಸಿ ಅಂತ. ಅದೇ ವರ್ಷದ ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟ್ ಆ ಪತ್ರವನ್ನು ರದ್ದು ಮಾಡಿತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದು ಸರಿಯಲ್ಲ ಎಂದಿತು. ವಾಟ್ಸ್‌ಆ್ಯಪ್‌ನಲ್ಲಿ ಇವತ್ತಿಗೂ ಓಡಾಡುವ ಪಟ್ಟಿ ಅದೇ. ಅದನ್ನು ಹಿಡಿದುಕೊಂಡು ಪಕ್ಕದ ಮನೆಯವರು ಜಗಳಕ್ಕೆ ಬಂದರೆ ಕೋರ್ಟ್ ಆದೇಶದ ತಾರೀಕು ಹೇಳಿ.

ಹಾಗಂತ ಎದೆ ಉಬ್ಬಿಸಿಕೊಂಡು ಓಡಾಡಬೇಡಿ. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಇದೆ. ನಿಮ್ಮ ಪ್ರಾಣಿಯಿಂದ ಬೇರೆಯವರಿಗೆ ಅಪಾಯ ಆಗದ ಹಾಗೆ ನೋಡಿಕೊಳ್ಳದಿದ್ದರೆ 6 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದರಲ್ಲಿ ತಳಿಯ ಹೆಸರೇ ಇಲ್ಲ. ಪಿಟ್‌ಬುಲ್ ಕಚ್ಚಿದರೂ ಅದೇ, ಪೊಮೇರಿಯನ್ ಕಚ್ಚಿದರೂ ಅದೇ.

ಆದ್ದರಿಂದ ಗೇಟಿನಿಂದ ಶುರು ಮಾಡಿ. ಕೊರಿಯರ್ ಹುಡುಗರು, ಸಿಲಿಂಡರ್ ತರುವವರು ಗೇಟಿನ ಮೇಲಿಂದ ಕೈ ಇಳಿಬಿಟ್ಟು ಚಿಲಕ ತೆಗೆಯುತ್ತಾರೆ. ಒಳಗಿರುವ ನಾಯಿಗೆ ಮೊದಲು ಸಿಗುವುದು ಆ ಕೈ. ಹೊರಗಿಂದ ಕೈಗೆ ಸಿಗದಷ್ಟು ಕೆಳಗೆ ಇನ್ನೊಂದು ಚಿಲಕ ಹಾಕಿಸಿ, ಕಾಲಿಂಗ್ ಬೆಲ್ ಗೇಟಿನ ಹೊರಗಡೆ ಇರಲಿ. ಗೇಟಿನ ಕೆಳಗಿನ ಸಂದಿಯಲ್ಲಿ ಮೂತಿ ತೂರುವ ಹಾಗಿದ್ದರೆ ಒಂದು ಪಟ್ಟಿ ಬೆಸುಗೆ ಹಾಕಿಸಿ. "ನಾಯಿ ಇದೆ ಎಚ್ಚರಿಕೆ" ಬೋರ್ಡ್ ಹಾಕಿದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಮೂರು ವರ್ಷದ ಮಗು ಬೋರ್ಡ್ ಓದುತ್ತಾ?

ಮಂಡ್ಯ ಕಡೆ ತೋಟದ ಮನೆಯವರ ಕಥೆ ಬೇರೆ. ಅಲ್ಲಿ ಕಾಂಪೌಂಡ್ ಇರುವುದಿಲ್ಲ, ಕಬ್ಬು ಕಡಿಯಲು ಹೊಸ ಹೊಸ ಆಳುಗಳು ಬರುತ್ತಿರುತ್ತಾರೆ. ಹಾಗಾಗಿ ನಾಯಿಯನ್ನು ಹಗಲೆಲ್ಲ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುತ್ತಾರೆ. ಸದಾ ಕಟ್ಟಿಹಾಕಿದ ನಾಯಿ ಇನ್ನೂ ರೇಗುತ್ತದೆ. ಜೊತೆಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದೇ ಅಪರಾಧ. ಸರಪಳಿ ದುಡ್ಡು ಉಳಿಸಿ, ಚೈನ್‌ಲಿಂಕ್ ಮೆಶ್ (ಹೆಣೆದ ತಂತಿ ಬಲೆ) ತಂದು ಒಂದು ಆವರಣ ಕಟ್ಟಿಸಿ.

ಹೊರಗೆ ಕರೆದುಕೊಂಡು ಹೋಗುವಾಗ ಮಝಲ್ ಬೇಕು. ಬುಟ್ಟಿಯಂಥದ್ದೇ ತಗೊಳ್ಳಿ, ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯ ಹಾಗೆ ಇರುತ್ತದಲ್ಲ, ಅದು. ಅದರೊಳಗೆ ನಾಯಿ ಬಾಯಿ ತೆರೆದು ತೇಕಬಹುದು, ನೀರು ಕುಡಿಯಬಹುದು. ಬಟ್ಟೆಯದು ಡಾಕ್ಟರ ಹತ್ತಿರ ಐದು ನಿಮಿಷಕ್ಕೆ ಸಾಕು. ಅದನ್ನು ಹಾಕಿ ವಾಕಿಂಗ್ ಮಾಡಿಸಿದರೆ ಬಿಸಿಲಲ್ಲಿ ಉಸಿರು ಕಟ್ಟುತ್ತದೆ. ಎಳೆದಷ್ಟೂ ಉದ್ದ ಆಗುವ ಬೆಲ್ಟು ನನ್ನ ಅಂಗಡಿಯಲ್ಲೇ ಇದೆ. ಆದರೂ ನಲವತ್ತು ಕಿಲೋ ನಾಯಿಗೆ ಅದನ್ನು ಕೇಳಿದರೆ ನಾನು ಕೊಡುವುದಿಲ್ಲ.

ಇನ್ನು ಕಾಗದ. ಮುಖ್ಯವಾದದ್ದು ಲಸಿಕೆ ಪುಸ್ತಕ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ಆಮೇಲೆ ಡಾಕ್ಟರು ಹೇಳಿದಾಗ ಬೂಸ್ಟರ್, ನಂತರ ವರ್ಷ ವರ್ಷ. ಪುಸ್ತಕದಲ್ಲಿ ಔಷಧಿ ಬಾಟಲಿಯಿಂದ ಕಿತ್ತು ಅಂಟಿಸಿದ ಚೀಟಿ ಇರಬೇಕು. ಅದರಲ್ಲಿ ಬ್ಯಾಚ್ ನಂಬರು, ಅವಧಿ ಮುಗಿಯುವ ತಿಂಗಳು ಇರುತ್ತದೆ. ಪಕ್ಕದಲ್ಲಿ ತಾರೀಕು, ಡಾಕ್ಟರ ಸಹಿ, ಅವರ ನೋಂದಣಿ ಸಂಖ್ಯೆ. ಬರೀ ಪೆನ್ನಿನಲ್ಲಿ "ಎ.ಆರ್.ವಿ. ಕೊಟ್ಟಿದೆ" (ಅಂದರೆ ರೇಬೀಸ್ ಲಸಿಕೆ) ಎಂದು ಬರೆದ ಪುಸ್ತಕ ತಂದು ತೋರಿಸುತ್ತಾರೆ. ನಾಳೆ ಯಾರಿಗಾದರೂ ಕಚ್ಚಿ ಠಾಣೆಗೆ ಹೋಗಬೇಕಾದರೆ ಅದು ನಿಲ್ಲುವುದು ಕಷ್ಟ. ಎಲ್ಲ ಪುಟಗಳ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ.

ಕೆನಲ್ ಕ್ಲಬ್ ಸರ್ಟಿಫಿಕೇಟ್ ಲೈಸೆನ್ಸ್ ಅಲ್ಲ, ಅದು ವಂಶಾವಳಿ ಅಷ್ಟೇ. ಲೈಸೆನ್ಸ್ ವಿಚಾರ ಮೈಸೂರಿನಲ್ಲಾದರೆ ಪಾಲಿಕೆಯ ನಿಮ್ಮ ವಲಯ ಕಚೇರಿಯಲ್ಲಿ, ಮಂಡ್ಯದಲ್ಲಾದರೆ ನಗರಸಭೆಯ ಆರೋಗ್ಯ ಶಾಖೆಯಲ್ಲಿ, ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಲಸಿಕೆ ಪುಸ್ತಕ, ಆಧಾರ್, ನಾಯಿಯ ಫೋಟೊ ಒಯ್ಯಿರಿ. ದುಡ್ಡು ಕಟ್ಟಿದರೆ ರಸೀದಿ ಇಸ್ಕೊಳ್ಳಿ. ಅಪಾರ್ಟ್‌ಮೆಂಟ್‌ನವರು "ನಾಯಿಯನ್ನೇ ಸಾಕಬಾರದು, ಲಿಫ್ಟ್‌ಗೆ ತರಬಾರದು" ಎಂದರೆ ಅವರಿಗೆ ಆ ಅಧಿಕಾರ ಇಲ್ಲ, ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸ್ಪಷ್ಟವಾಗಿ ಹೇಳಿದೆ. ಗಲೀಜು ಎತ್ತಿ ಎಂದರೆ ಮಾತ್ರ ಸುಮ್ನೆ ಎತ್ತಿ.

ಕಚ್ಚೇ ಬಿಟ್ಟರೆ? ವಾದ ಆಮೇಲೆ. ಗಾಯವನ್ನು ನಲ್ಲಿ ನೀರಿನ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಮೈಸೂರಿನಲ್ಲಿ ದೊಡ್ಡಾಸ್ಪತ್ರೆಗೆ (ಕೆ.ಆರ್. ಆಸ್ಪತ್ರೆ), ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆಗೆ ನೀವೇ ಕರೆದುಕೊಂಡು ಹೋಗಿ. ನಾಯಿಗೆ ಲಸಿಕೆ ಆಗಿದೆ ಎಂದು ಬಿಡಬೇಡಿ, ಡಾಕ್ಟರು ನೋಡಿಯೇ ತೀರ್ಮಾನ ಮಾಡಲಿ. ರೇಬೀಸ್ ಲಕ್ಷಣ ಕಾಣುತ್ತಾ ಎಂದು ನಾಯಿಯನ್ನು 10 ದಿನ ಕಣ್ಣೆದುರೇ ಇಟ್ಟುಕೊಳ್ಳಿ. ಹೆದರಿ ಊರಾಚೆ ಬಿಟ್ಟು ಬರುವವರಿದ್ದಾರೆ. ಕಚ್ಚಿಸಿಕೊಂಡವರಿಗೆ ಅದರಷ್ಟು ದೊಡ್ಡ ಅನ್ಯಾಯ ಇನ್ನೊಂದಿಲ್ಲ.

ನಮ್ಮ ಕಾಡಿನವು

2023ರಲ್ಲಿ ಹುಲಿ ಉಗುರಿನ ಲಾಕೆಟ್ ಹಾಕಿಕೊಂಡವರ ಮೇಲೆ ಕೇಸ್ ಆದ ಗಲಾಟೆ ನೆನಪಿದೆಯಲ್ಲ? ಗಿಣಿ, ರಾಟವಾಳ (ಮುನಿಯಾ), ಗೌಜಲ, ನವಿಲು, ನಕ್ಷತ್ರ ಆಮೆ, ಮಣ್ಣುಮುಕ್ಕ ಹಾವು, ಎಲ್ಲಕ್ಕೂ ಅದೇ 1972ರ ವನ್ಯಜೀವಿ ಕಾಯ್ದೆ. ಕೊಳ್ಳುವುದೂ ತಪ್ಪು, ಇಟ್ಟುಕೊಳ್ಳುವುದೂ ತಪ್ಪು. ಲೈಸೆನ್ಸ್ ಮಾಡಿಸಿಕೊಡ್ತೀನಿ ಎನ್ನುವವನು ಟೋಪಿ ಹಾಕುತ್ತಿದ್ದಾನೆ. ಶಿಕ್ಷೆ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕಾಯ್ದೆಯ ಮೊದಲನೇ ಪಟ್ಟಿಯ (ಶೆಡ್ಯೂಲ್ 1, ಹೆಚ್ಚು ರಕ್ಷಣೆ ಇರುವವು) ಪ್ರಾಣಿಯಾದರೆ ಕನಿಷ್ಠವೇ 3 ವರ್ಷ. ನಕ್ಷತ್ರ ಆಮೆ ಮನೆಗೆ ಬಂದರೆ ದುಡ್ಡು ಬರುತ್ತದೆ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಹೋಗುವ ದುಡ್ಡಿನ ಲೆಕ್ಕವನ್ನೂ ಹಾಕಿ.

ಅಜ್ಜಿ ಕಾಲದಿಂದ ಮನೆಯಲ್ಲಿ ಗಿಣಿ ಇದ್ದರೆ ಪಂಜರದ ಬಾಗಿಲು ತೆಗೆದು ಹಾರಿಸಬೇಡಿ. ಕೈತುತ್ತು ತಿಂದು ಬೆಳೆದ ಹಕ್ಕಿಗೆ ಹೊಟ್ಟೆ ಹೊರೆಯಲು ಬರುವುದಿಲ್ಲ, ಸಂಜೆಯೊಳಗೆ ಕಾಗೆಗಳು ಮುಗಿಸುತ್ತವೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಇಲ್ಲವೇ ಅಶೋಕಪುರಂನ ಅರಣ್ಯ ಭವನಕ್ಕೆ ಹೋಗಿ ಹೇಳಿ. ಒಪ್ಪಿಸಿದ್ದಕ್ಕೆ ಒಂದು ಸಹಿ ಹಾಕಿಸಿಕೊಳ್ಳಿ.

ಹೊರದೇಶದವು

ಬಜರಿಗಾರ್, ಕಾಕಟೀಲ್, ಮಾಮೂಲಿ ಪೀಚ್ ಮುಖದ ಲವ್‌ಬರ್ಡ್ಸ್‌ಗೆ ನೋಂದಣಿಯ ತಲೆನೋವಿಲ್ಲ. ಮಕಾವ್, ಆಫ್ರಿಕನ್ ಗ್ರೇ, ಸನ್ ಕೊನ್ಯೂರ್, ಇಗ್ವಾನಾ, ಬಾಲ್ ಪೈಥಾನ್ ಇದ್ದರೆ 2024ರ ಫೆಬ್ರುವರಿಯ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಹೊಸದಾಗಿ ತಂದರೆ 30 ದಿನದೊಳಗೆ. ಅರ್ಜಿ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಹೋಗುತ್ತದೆ. ಮರಿ ಮಾಡಿದರೂ, ಸತ್ತರೂ, ಇನ್ನೊಬ್ಬರಿಗೆ ಕೊಟ್ಟರೂ ತಿಳಿಸಬೇಕು.

ಇಲ್ಲಿ ಜನ ಬೀಳುವ ಹಳ್ಳ ಒಂದಿದೆ. ಹಕ್ಕಿ ಮಾರುವವರು "ಡಿಎನ್‌ಎ ಸರ್ಟಿಫಿಕೇಟ್ ಇದೆ ಸಾರ್" ಎಂದು ಲ್ಯಾಮಿನೇಟ್ ಮಾಡಿದ ಕಾರ್ಡು ಕೊಡುತ್ತಾರೆ. ಅದರಲ್ಲಿರುವುದು ಹಕ್ಕಿ ಗಂಡೋ ಹೆಣ್ಣೋ ಅನ್ನುವುದು, ಕಾಲಿನ ಉಂಗುರದ ನಂಬರು. ಮಾಲೀಕತ್ವಕ್ಕೂ ಅದಕ್ಕೂ ಸಂಬಂಧವಿಲ್ಲ. ನೀವು ಕೇಳಬೇಕಾದ್ದು ಮಾರುವವನ ಹೆಸರಿನಲ್ಲಿರುವ ನೋಂದಣಿ, ಮತ್ತೆ ಉಂಗುರದ ನಂಬರು ಬರೆದ ಬಿಲ್ಲು.

ಕೆನ್ನೆ ಮೇಲೆ ಕೆಂಪು ಪಟ್ಟೆ ಇರುವ ಪುಟಾಣಿ ಆಮೆ ತರುವವರೂ ಒಂದು ಮಾತು ಕೇಳಿ. ಅದು ಅಡಿ ಹತ್ತಿರ ಬೆಳೆಯುತ್ತದೆ, ಹತ್ತಾರು ವರ್ಷ ಬದುಕುತ್ತದೆ. ಸಾಕಾಯಿತು ಎಂದು ಕುಕ್ಕರಹಳ್ಳಿ ಕೆರೆಗೋ ಲಿಂಗಾಂಬುಧಿಗೋ ಬಿಟ್ಟರೆ ನಮ್ಮ ಆಮೆ, ಮೀನುಗಳ ಊಟಕ್ಕೆ ಕಲ್ಲು. ದೊಡ್ಡ ತೊಟ್ಟಿಗೆ ಜಾಗ ಇಲ್ಲದಿದ್ದರೆ ತರಲೇಬೇಡಿ. ಉಳಿದವು ಯಾವುದೇ ಇರಲಿ, ಮಾರುವವನು "ಕಾಗದ ಆಮೇಲೆ ಕಳಿಸ್ತೀನಿ, ಮೊದಲು ಗೂಗಲ್ ಪೇ ಮಾಡಿ" ಎಂದರೆ ಅಲ್ಲಿಗೇ ಫೋನ್ ಇಡಿ.