ಟಿಎಲ್‌ಪಿ ಮುಂದೆ ಮೀಟರ್ ಹಿಡಿದು ನಿಂತಾಗ

ನೆಲದೊಳಗಿನ ಗ್ಯಾಸ್ ಪೈಪಿಗೆ ತುಕ್ಕು ಹಿಡಿದಿದೆಯಾ ಅಂತ ಮೇಲಿಂದಲೇ ಹೇಗೆ ನೋಡ್ತೀರಾ ಎಂದು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಕೇಳುತ್ತಾರೆ. ನಾನು ಮೊದಲು ಅವರ ಹಾಫ್ ಸೆಲ್ ಇಸ್ಕೊಂಡು ತಳ ಮುಟ್ಟಿ ನೋಡುತ್ತೇನೆ. ಒಣಗಿದ್ದರೆ ಆವತ್ತಿನ ಪಾಠ ಅಲ್ಲಿಂದಲೇ ಶುರು.

ಹಾಫ್ ಸೆಲ್ ಅಂದ್ರೆ ಪೈಪಿನ ವೋಲ್ಟೇಜ್ ಅಳೆಯಲು ಮಣ್ಣಿಗೆ ಊರುವ ಒಂದು ಪ್ಲಾಸ್ಟಿಕ್ ಕೊಳವೆ. ಒಳಗೆ ತಾಮ್ರದ ಕಡ್ಡಿ, ಸುತ್ತ ಮೈಲುತುತ್ತದ ನೀರು, ತಳದಲ್ಲಿ ತೇವ ಒಸರುವ ಬಿರಡೆ. ಹೌದು, ಸಕಲೇಶಪುರದ ಕಡೆ ತೋಟಕ್ಕೆ ಬೋರ್ಡೋ ಕಲಸುವ ಅದೇ ಮೈಲುತುತ್ತ. ಹಾಗಂತ ತೋಟದ ಚೀಲದಿಂದ ಒಂದು ಹಿಡಿ ತಂದು ಸುರಿಯಬೇಡಿ. ಲ್ಯಾಬಿಗೆ ಬರುವ ಶುದ್ಧ ಪುಡಿ, ಡಿಸ್ಟಿಲ್ಡ್ ವಾಟರ್, ಇಷ್ಟೇ. ತಳದಲ್ಲಿ ಕರಗದೆ ಉಳಿದ ನೀಲಿ ಹರಳು ಕಾಣಬೇಕು. ಕಾಣದಿದ್ದರೆ ಇನ್ನಷ್ಟು ಪುಡಿ ಹಾಕಿ. ಬಿಸಿಲು ನೇರವಾಗಿ ಕೊಳವೆಯ ಮೇಲೆ ಬಿದ್ದರೂ ರೀಡಿಂಗ್ ಆಚೀಚೆ ಆಗುತ್ತದೆ. ನಾನು ಟೋಪಿ ಅಡ್ಡ ಹಿಡಿಯುತ್ತೇನೆ.

ಇದನ್ನು ಕಲಿತಿದ್ದು ಅರಸೀಕೆರೆ ಕಡೆ, ಏಪ್ರಿಲ್ ಬಿಸಿಲಲ್ಲಿ. ತೆಂಗಿನ ತೋಟದ ಪಕ್ಕದ ಟಿಎಲ್‌ಪಿಯಲ್ಲಿ, ಅಂದ್ರೆ ಪೈಪಿನ ವೋಲ್ಟೇಜ್ ಅಳೆಯುವ ಕಂಬದಲ್ಲಿ, ಮೈನಸ್ 0.62 ವೋಲ್ಟ್ ಬಂತು. ಪೈಪಿಗೆ ರಕ್ಷಣೆ ಸಾಲುತ್ತಿಲ್ಲ ಅಂತ ಗಾಬರಿಯಾಗಿ ಆಫೀಸಿಗೆ ಫೋನ್ ಮಾಡಿದೆ. ಅಲ್ಲಿಯವರು ಪೈಪಿಗೆ ಕರೆಂಟು ಕೊಡುವ ಟಿಆರ್ ಯೂನಿಟ್‌ನ ಕರೆಂಟ್ ಏರಿಸಲು ಹೊರಟೇ ಬಿಟ್ಟಿದ್ದರು. ಸಂಜೆ ನಮ್ಮ ಸೀನಿಯರ್ ಬಂದು ಏನೂ ಮಾತಾಡಲಿಲ್ಲ. ಸೆಲ್ಲನ್ನು ಬಕೆಟ್ ನೀರಲ್ಲಿ ಹತ್ತು ನಿಮಿಷ ಅದ್ದಿಟ್ಟರು. ನೆಲಕ್ಕೆ ಒಂದು ಚೊಂಬು ನೀರು ಸುರಿದು ಮತ್ತೆ ಊರಿದರು. ಮೈನಸ್ 0.98. 'ಪೈಪ್ ಚೆನ್ನಾಗೇ ಇದೆ ಕಣಪ್ಪ, ನಿನ್ನ ಸೆಲ್ಲಿಗೆ ಬಾಯಾರಿಕೆ' ಅಂದರು.

ಈಗ ಅಳತೆಗೆ ಬರೋಣ. ಪೈಪಿನ ಕೋಟಿಂಗ್ ಕಿತ್ತ ಕಡೆ ಉಕ್ಕು ಮಣ್ಣಿಗೆ ತಾಗುತ್ತದೆ. ಅಲ್ಲಿ ತುಕ್ಕು ತಡೆಯಲು ಟಿಆರ್ ಯೂನಿಟ್‌ನಿಂದ ಡಿಸಿ ಕರೆಂಟು ಮಣ್ಣಿನ ಮೂಲಕ ಪೈಪಿಗೆ ಹೋಗುತ್ತಿರುತ್ತದೆ. ಅದು ಸಾಕಾಗುತ್ತಿದೆಯಾ ಅನ್ನೋದೇ ನಮ್ಮ ಪ್ರಶ್ನೆ. ಟಿಎಲ್‌ಪಿ ಕಂಬದ ಡಬ್ಬಿ ತೆಗೆದರೆ ಪೈಪಿಗೆ ಬೆಸೆದ ಕೇಬಲ್ ಸಿಗುತ್ತದೆ. ಮೊದಲು ಎಸಿ ವೋಲ್ಟೇಜ್ ನೋಡಿ. ಮೇಲೆ ಹೈಟೆನ್ಷನ್ ಲೈನ್ ಹಾದುಹೋಗಿದ್ದರೆ ಇದನ್ನು ಮರೆಯಲೇಬಾರದು. 15 ವೋಲ್ಟ್ ದಾಟಿದ್ದರೆ ಕೈ ಹಾಕದೆ ಮೇಲಿನವರಿಗೆ ಹೇಳಿ. ಆಮೇಲೆ ಮೀಟರನ್ನು ಡಿಸಿಗೆ ತಿರುಗಿಸಿ. ಕೆಂಪು ವೈರ್ ಪೈಪಿನ ಕೇಬಲಿಗೆ, ಕಪ್ಪು ಹಾಫ್ ಸೆಲ್ಲಿಗೆ. ಸೆಲ್ಲನ್ನು ಪೈಪಿನ ನೇರ ಮೇಲೆ ಒದ್ದೆ ಮಣ್ಣಿನಲ್ಲಿ ಊರಿ.

ಕರೆಂಟು ಹರಿಯುತ್ತಿರುವಾಗ ಬರುವುದು ಆನ್ ರೀಡಿಂಗ್. ಅದನ್ನು ನಂಬಿ ಕೂರಬೇಡಿ, ಮಣ್ಣಿನಲ್ಲಿ ಕಳೆದುಹೋಗುವ ವೋಲ್ಟೇಜೂ ಅದರಲ್ಲಿ ಸೇರಿಕೊಂಡಿರುತ್ತದೆ. ಒಣಗಿದ ಕಲ್ಲುನೆಲದಲ್ಲಿ ಅದು ಜಾಸ್ತಿ. ಇಂಟರಪ್ಟರ್ ಹಾಕಿ ಕರೆಂಟು ಕಡಿದ ಕ್ಷಣದಲ್ಲಿ ಬರುವ ಆಫ್ ರೀಡಿಂಗ್ ಬರೆದುಕೊಳ್ಳಿ. ಅದು ಮೈನಸ್ 0.85 ಅಥವಾ ಅದಕ್ಕಿಂತ ಹೆಚ್ಚು ನೆಗೆಟಿವ್ ಇದ್ದರೆ ಸರಿ. ಮೈನಸ್ 1.2 ದಾಟಿದರೆ ಅದೂ ಒಳ್ಳೆಯದಲ್ಲ, ಕೋಟಿಂಗೇ ಎದ್ದು ಬರಬಹುದು.

ಟಿಎಲ್‌ಪಿಗಳು ಇರುವುದು ಸುಮಾರು ಕಿಲೋಮೀಟರಿಗೊಂದು. ನಡುವೆ ಏನಾಗಿದೆ ಅಂತ ತಿಳಿಯಲು ಪೈಪಿನ ಜಾಡಲ್ಲೇ ಹೆಜ್ಜೆಹೆಜ್ಜೆಗೂ ಸೆಲ್ ಊರುತ್ತಾ ನಡೆಯಬೇಕು. ಕೋಟಿಂಗ್ ಎಲ್ಲಿ ಕಿತ್ತಿದೆ ಎಂದು ಹುಡುಕಲು ಡಿಸಿವಿಜಿ ಸರ್ವೆ ಇದೆ. ಅದಕ್ಕಾಗಿ ಆಲೂಗಡ್ಡೆ ಹೊಲದಲ್ಲಿ ಎರಡು ಕೋಲು ಊರುತ್ತಾ ಹೋದರೆ ರೈತರು ಓಡಿ ಬಂದೇ ಬರುತ್ತಾರೆ: 'ಏನ್ ಸಾರ್, ಸೋರ್ತಾ ಇದ್ಯಾ?' ಇಲ್ಲ ಗೌಡ್ರೆ, ಚೆಕಪ್ ಅಷ್ಟೇ ಅನ್ನಿ. ಸುಮ್ನೆ ಓಡಾಡಿದರೆ ಊರೆಲ್ಲ ಸುದ್ದಿಯಾಗುತ್ತದೆ.

ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ಮಲೆನಾಡಿನ ಕಡೆ ಒಂದು ಜಾಗದಲ್ಲಿ ವರ್ಷಗಟ್ಟಲೆ ರೀಡಿಂಗ್ ಚೆನ್ನಾಗಿತ್ತು. ಪೈಪಿನೊಳಗೆ ಓಡಿಸಿದ ಪಿಗ್, ಅಂದ್ರೆ ಒಳಗಿಂದ ಗೋಡೆ ಪರೀಕ್ಷಿಸುವ ಯಂತ್ರ ಮಾತ್ರ ಗೋಡೆ ತೆಳುವಾಗಿದೆ ಅಂತು. ಅಗೆದೆವು. ವೆಲ್ಡ್ ಜಾಯಿಂಟಿಗೆ ಸುತ್ತಿದ ಶ್ರಿಂಕ್ ಸ್ಲೀವ್ ಅಂಟು ಬಿಟ್ಟಿತ್ತು, ಒಳಗೆ ನೀರು ನಿಂತಿತ್ತು. ಕರೆಂಟು ಆ ಸ್ಲೀವಿನಡಿ ನುಗ್ಗಲಾರದು, ಹಾಗಾಗಿ ನಮ್ಮ ಮೀಟರಿಗೂ ಅದು ಕಾಣಿಸಿರಲಿಲ್ಲ. ಸ್ಲೀವ್ ಕೊಯ್ದಾಗ ಕೊಳೆತ ಮೊಟ್ಟೆಯ ವಾಸನೆ, ಕೈಗೆ ಹತ್ತುವ ಕಪ್ಪು ಮಸಿ. ಅಂಥದ್ದು ಕಂಡರೆ ಒರೆಸುವ ಮುಂಚೆ ಫೋಟೋ ತೆಗೆಯಿರಿ, ಒಳಗಿನ ನೀರಿನ ಪಿಎಚ್ ನೋಡಿ, ಸ್ಯಾಂಪಲ್ ಎತ್ತಿಡಿ. ಬ್ಯಾಕ್ಟೀರಿಯಾದ ಕೆಲಸ ಇರಬಹುದು. ಆಮೇಲೆ ಉಜ್ಜಿ, ಪಿಟ್ ಗೇಜಿನಿಂದ ಗುಳಿಯ ಆಳ, ಅಲ್ಟ್ರಾಸಾನಿಕ್‌ನಿಂದ ಗೋಡೆಯ ದಪ್ಪ ಅಳೆಯಿರಿ. ಗುಳಿಯ ಆಳ ಗೋಡೆಯ ದಪ್ಪದ 80% ಮೀರಿದ್ದರೆ ಲೆಕ್ಕಾಚಾರವೇ ಬೇಡ, ರಿಪೇರಿ. ಅದಕ್ಕಿಂತ ಕಡಿಮೆ ಇದ್ದರೆ ಗುಳಿಯ ಉದ್ದವನ್ನೂ ಸೇರಿಸಿ ಎಂಜಿನಿಯರ್ ಲೆಕ್ಕ ಹಾಕುತ್ತಾರೆ.

ಅಗೆಯುವಾಗ ಪರ್ಮಿಟ್ ಇರಲಿ, ಗ್ಯಾಸ್ ಡಿಟೆಕ್ಟರ್ ಗುಂಡಿಯಲ್ಲೇ ಇರಲಿ. ಪೈಪ್ ಹತ್ತಿರ ಬಂದಮೇಲೆ ಜೆಸಿಬಿ ದೂರ ನಿಲ್ಲಿಸಿ, ಗುದ್ದಲಿ ಹಿಡಿಯಿರಿ.

ಹೊಸ ಕೋಟಿಂಗ್ ಮೇಲೆ ತೂತು ಹುಡುಕುವ ಹಾಲಿಡೇ ಡಿಟೆಕ್ಟರ್ ಓಡಿಸಿ, ಕಿಡಿ ಹಾರಿದ ಕಡೆ ಮತ್ತೆ ಹಚ್ಚಿ. ಪೈಪಿನ ಸುತ್ತ ಕಲ್ಲಿಲ್ಲದ ಮಣ್ಣು ತುಂಬಿ. ಕಪ್ಪಗಿನ ಮೇಲ್ಮಣ್ಣು ಬೇರೆ ರಾಶಿ ಹಾಕಿಟ್ಟಿದ್ದೀರಿ ತಾನೆ? ಅದನ್ನು ಕೊನೆಗೆ ಹರಡಿ. ಅಡಿಮಣ್ಣು ಮೇಲೆ ಬಂದರೆ ಅಲ್ಲಿ ಶುಂಠಿ ಏಳುವುದಿಲ್ಲ, ಮುಂದಿನ ಸಲ ಗೌಡ್ರು ಗೇಟು ತೆಗೆಯುವುದಿಲ್ಲ.